ಕೇಳುವ ಹೃದಯ

ಸೊಲೊಮೋನನು ತನ್ನ ತಂದೆಯಾದ ದಾವೀದನ ಸಿಂಹಾಸನವನ್ನೇರಿದ ಹೊಸದರಲ್ಲಿ ಗಿಬ್ಯೋನಿಗೆ ಹೋಗಿ ಯಜ್ಞಗಳನ್ನು ಸಮರ್ಪಿಸಿದನು. ಆ ರಾತ್ರಿ ದೇವರು ಸ್ವಪ್ನದಲ್ಲಿ ಅವನಿಗೆ ಕಾಣಿಸಿಕೊಂಡು, ಬೇಕಾದ ವರವನ್ನು ಕೇಳಿಕೊಳ್ಳುವಂತೆ ಅಪ್ಪಣೆ ಕೊಟ್ಟನೆಂದು ಅರಸುಗಳ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಓದುತ್ತೇವೆ. ಯೌವನಸ್ಥನಾದ ಅರಸನಿಗೆ ಅಂಥ ಸಮಯದಲ್ಲಿ ಏನೇನು ಬೇಕಾಗಿರಬಹುದೆಂದು ಊಹಿಸುವದು ಕಷ್ಟವಲ್ಲ. ದೀರ್ಘಾಯುಷ್ಯ, ತುಂಬಿದ ಬೊಕ್ಕಸ, ಶತ್ರುಗಳ ನಾಶ ಇವುಗಳನ್ನು ಯಾವ ಅರಸನು ಬೇಡವೆಂದಾನು? ಸೊಲೊಮೋನನಾದರೋ ಇವುಗಳಲ್ಲಿ ಒಂದನ್ನೂ ಬಯಸದೆ, ತಾನು ಇನ್ನೂ ಏನೂ ತಿಳಿಯದ ಚಿಕ್ಕವನೆಂದು ಒಪ್ಪಿಕೊಂಡು, ಜನರ ನ್ಯಾಯವನ್ನು ತೀರಿಸುವದಕ್ಕೂ ಒಳ್ಳೇದು ಕೆಟ್ಟದ್ದನ್ನು ವಿವೇಚಿಸುವದಕ್ಕೂ ಬೇಕಾದ ಜ್ಞಾನವನ್ನು ಬೇಡಿದನು. ಇದು ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಅವನು ಬೇಡಿದ್ದಕ್ಕೆ ಇಬ್ರಿಯ ಮೂಲದಲ್ಲಿರುವ ಹೆಸರನ್ನು ನಮ್ಮಲ್ಲಿ ಅನೇಕರು ಗಮನಿಸಿರಲಾರರು. ಅಲ್ಲಿರುವ ಮಾತಿನ ನೇರವಾದ ಅರ್ಥವು ಕೇಳುವ ಹೃದಯ ಎಂಬದೇ.

ಕನ್ನಡಿಗರಾದ ನಮಗೆ ಈ ಮಾತು ಬೇಗನೆ ತಿಳಿಯಬೇಕು. ಯಾಕಂದರೆ ಕೇಳು ಎಂಬ ಒಂದೇ ಕ್ರಿಯಾಪದವು ನಮ್ಮ ಭಾಷೆಯಲ್ಲಿ ಮೂರು ಕೆಲಸಗಳನ್ನು ಮಾಡುತ್ತದೆ. ಹಸಿದ ಮಗನು ತಂದೆಯ ಹತ್ತಿರ ರೊಟ್ಟಿಯನ್ನು ಕೇಳುತ್ತಾನೆ. ಇಲ್ಲಿ ಬೇಡುವದು ಎಂದರ್ಥ. ಸಭೆಯು ಪ್ರಸಂಗವನ್ನು ಕೇಳುತ್ತದೆ. ಇಲ್ಲಿ ಕಿವಿಗೊಡುವದು ಎಂದರ್ಥ. ಆ ಹುಡುಗನು ಹೇಳಿದ ಮಾತು ಕೇಳುವವನಲ್ಲ ಎಂದು ಅಜ್ಜಿಯು ದೂರುತ್ತಾಳೆ. ಇಲ್ಲಿ ವಿಧೇಯನಾಗಿ ನಡೆಯುವದು ಎಂದರ್ಥ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನಂಡ್ ಕಿಟ್ಟೆಲ್ ಪಂಡಿತರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅಷ್ಟು ದೊಡ್ಡ ರಾಶಿಯೊಳಗಿನ ಈ ಚಿಕ್ಕ ಶಬ್ದದಲ್ಲಿ ಜ್ಞಾನದ ಮಾರ್ಗವೆಲ್ಲವೂ ಅಡಗಿದೆಯೆಂದು ಹೇಳಿದರೆ ತಪ್ಪಾಗಲಾರದು. ಬೇಡದವನಿಗೆ ಜ್ಞಾನವು ದೊರೆಯದು. ಬೇಡಿಯೂ ಕಿವಿಗೊಡದವನ ಬಳಿಗೆ ಅದು ಬಂದು ತಿರುಗಿ ಹೋಗುವದು. ಕಿವಿಗೊಟ್ಟೂ ಅದರಂತೆ ನಡೆಯದವನಲ್ಲಿ ಅದು ನಿಲ್ಲದು. ಈ ಮೂರನ್ನು ಕುರಿತು ಸ್ವಲ್ಪ ಆಲೋಚಿಸೋಣ.

ಇಷ್ಟು ಹೇಳಿದ ಕೂಡಲೇ ಕೆಲವರು ಒಂದು ಆಕ್ಷೇಪವನ್ನು ತರಬಹುದು. ನಾವು ದೀಕ್ಷಾಸ್ನಾನ ಹೊಂದಿ ಕ್ರಿಸ್ತನ ಸಭೆಗೆ ಸೇರಿದವರು. ಸತ್ಯವೇದವು ನಮ್ಮ ಮನೆಯಲ್ಲಿದೆ. ನಮ್ಮ ಮಕ್ಕಳು ಕಾಲೇಜುಗಳಲ್ಲಿ ಓದಿದ್ದಾರೆ. ತಿಳಿಯದ ಸಂಗತಿಯಿದ್ದರೆ ಕೈಯಲ್ಲಿರುವ ಫೋನು ಕ್ಷಣಮಾತ್ರದಲ್ಲಿ ತಿಳಿಸುತ್ತದೆ. ಇನ್ನು ನಾವು ಹುಡುಕಬೇಕಾದ ಜ್ಞಾನವು ಯಾವದು ಎಂದು ಅವರು ಹೇಳುವರು. ಇದಕ್ಕೆ ಉತ್ತರ ಕೊಡಬೇಕಾದರೆ ವಿದ್ಯೆಗೂ ಜ್ಞಾನಕ್ಕೂ ಇರುವ ಭೇದವನ್ನು ಮೊದಲು ತಿಳಿಯಬೇಕು. ಒಂದು ಕೆಲಸವನ್ನು ಹೇಗೆ ಮಾಡಬೇಕೆಂಬದನ್ನು ವಿದ್ಯೆಯು ಕಲಿಸುತ್ತದೆ. ಅದನ್ನು ಮಾಡಬಹುದೋ ಮಾಡಬಾರದೋ, ಮಾಡಿದರೆ ಯಾರಿಗೆ ಒಳ್ಳೇದು ಯಾರಿಗೆ ಕೇಡು ಎಂಬದನ್ನು ಜ್ಞಾನವು ತಿಳಿಸುತ್ತದೆ. ವಿದ್ಯೆಯು ಒಳ್ಳೆಯದೇ, ಅದನ್ನು ಹೀನೈಸುವವನು ಮೂಢನು. ಆದರೂ ವಿದ್ಯೆಯು ತುಂಬಿ ತುಳುಕುವ ಸ್ಥಳದಲ್ಲಿಯೂ ಜ್ಞಾನದ ಬರಗಾಲವಿರುವದು ಸಾಧ್ಯ.

ದೃಷ್ಟಾಂತವನ್ನು ಹುಡುಕಿಕೊಂಡು ಬಹು ದೂರ ಹೋಗಬೇಕಾಗಿಲ್ಲ. ಹಳ್ಳಿಗಳಲ್ಲಿ ಓದಿ ದೊಡ್ಡವರಾದ ಯುವಕ ಯುವತಿಯರಲ್ಲಿ ಅನೇಕರು ಉದ್ಯೋಗಕ್ಕಾಗಿ ಹೋಗುವದು ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಮಾರತ್ತಹಳ್ಳಿಯ ಸುತ್ತುಮುತ್ತಲಿಗೆ. ಹೆಸರೇ ಹೇಳುವಂತೆ ಅದೂ ಒಂದು ಕಾಲಕ್ಕೆ ಹಳ್ಳಿಯಾಗಿತ್ತು; ಸುತ್ತಲೂ ರಾಗಿಯ ಹೊಲಗಳೂ ಕೆರೆಗಳೂ ಇದ್ದವು. ಅದರ ಪೂರ್ವಕ್ಕೆ, ಆಂಗ್ಲೋ ಇಂಡಿಯನ್ ಜನರು ಬೇಸಾಯ ಮಾಡಿ ಬದುಕಲೆಂದು 1882ರಲ್ಲಿ ಸ್ಥಾಪಿತವಾದ ವೈಟ್‌ಫೀಲ್ಡ್ ಇತ್ತು. ಪಶ್ಚಿಮಕ್ಕೆ 1940ರಲ್ಲಿ ವಿಮಾನದ ಕಾರ್ಖಾನೆ ಹುಟ್ಟಿತು. ಆ ಮೇಲೆ ಹೊರ ವರ್ತುಲ ರಸ್ತೆಯು ಬಂದು, ಅದರ ಎರಡು ಬದಿಗಳಲ್ಲಿಯೂ ಗಾಜಿನ ಗೋಡೆಗಳ ಸಾಫ್ಟ್‌ವೇರ್ ಕಚೇರಿಗಳೂ ಬಹು ಅಂತಸ್ತಿನ ಮನೆಗಳೂ ಎದ್ದವು. ದೇಶದ ಎಲ್ಲಾ ಭಾಗಗಳಿಂದ ವಿದ್ಯಾವಂತರು ಅಲ್ಲಿಗೆ ಬಂದು ಸೇರಿದ್ದಾರೆ. ವಿದ್ಯೆಯನ್ನು ಅಳೆಯುವ ಕೊಳಗವಿದ್ದರೆ ಕನ್ನಡ ನಾಡಿನಲ್ಲಿ ಅದು ತುಂಬಿ ಚೆಲ್ಲುವ ಸ್ಥಳಗಳಲ್ಲಿ ಇದೂ ಒಂದಾಗಿರುವದು.

2022ನೆಯ ಇಸವಿಯ ಸೆಪ್ಟೆಂಬರ್ 4ನೆಯ ತಾರೀಖಿನ ರಾತ್ರಿ ಬೆಂಗಳೂರಿನಲ್ಲಿ ದೊಡ್ಡ ಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ಸುಮಾರು 130 ಮಿಲಿಮೀಟರ್ ನೀರು ಬಿದ್ದಿತ್ತು. ಮಾರತ್ತಹಳ್ಳಿಯಿಂದ ಬೆಳ್ಳಂದೂರಿನ ಕಡೆಗೆ ಹೋಗುವ ರಸ್ತೆಯು ಹೊಳೆಯಂತಾಯಿತು. ಯಮಲೂರಿನ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳೊಳಗೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿ ಕೂರಿಸಿ ಹೊರಗೆ ತರಬೇಕಾಯಿತು. ಕಂಪ್ಯೂಟರಿನ ಕೆಲಸದವರು ಟ್ರ್ಯಾಕ್ಟರುಗಳ ಮೇಲೆ ನಿಂತು ಕಚೇರಿಗೆ ಹೋದರು. ಬಡ ಕೂಲಿಗಾರರ ಗುಡಿಸಲುಗಳಿಗೆ ಆದ ನಷ್ಟವನ್ನಂತೂ ಲೆಕ್ಕವಿಟ್ಟವರು ಕಡಿಮೆ.

ಮಳೆಯು ಹೆಚ್ಚಾಗಿತ್ತೆಂಬದು ನಿಜ. ಆದರೆ ಅದೊಂದೇ ಕಾರಣವಲ್ಲ. ಬೆಂಗಳೂರಿನ ಸೀಮೆಯಲ್ಲಿ ಸದಾ ಹರಿಯುವ ದೊಡ್ಡ ನದಿಯಿಲ್ಲ. ಆದಕಾರಣ ಹಿಂದಿನವರು ಬಿದ್ದ ಮಳೆಯನ್ನು ಹಿಡಿದಿಡುವದಕ್ಕಾಗಿ ಸರಪಣಿಯ ಕೊಂಡಿಗಳಂತೆ ಒಂದರ ಕೆಳಗೊಂದು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯು ತುಂಬಿ ಕೋಡಿಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುವದು. ಬೆಳ್ಳಂದೂರು ಕೆರೆಯ ನೀರು ಹೀಗೆಯೇ ವರ್ತೂರು ಕೆರೆಗೂ ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಹೋಗುತ್ತದೆ. ತೂಬನ್ನು ತೆಗೆದು ಮುಚ್ಚಿ, ಯಾವ ಗದ್ದೆಗೆ ಎಷ್ಟು ನೀರೆಂದು ಹಂಚುವದಕ್ಕೆ ಊರೂರಿಗೂ ನೀರುಗಂಟಿಯಿದ್ದನು. ಕೆರೆಯ ಅಂಗಳದಲ್ಲಿಯೂ ನೀರು ಹರಿಯುವ ಹಳ್ಳದಲ್ಲಿಯೂ ಮನೆ ಕಟ್ಟಬಾರದೆಂಬದು ಅವನಿಗೆ ಯಾರೂ ಬರೆದುಕೊಟ್ಟ ಪಾಠವಲ್ಲ. ನಗರವು ಬೆಳೆದಾಗ ಕಾಲುವೆಗಳು ಕಿರಿದಾದವು. ಕೆಲವು ಕಡೆ ಅವುಗಳ ಮೇಲೆಯೇ ಕಟ್ಟಡಗಳೆದ್ದವು. ಬೆಳ್ಳಂದೂರು ಕೆರೆಗಂತೂ ನಗರದ ಕೊಳಚೆಯು ಸೇರಿ ಸೇರಿ ನೊರೆಯೆದ್ದು, 2015ರಲ್ಲಿಯೂ 2017ರಲ್ಲಿಯೂ 2018ರಲ್ಲಿಯೂ ಅಲ್ಲಿ ಬೆಂಕಿ ಹತ್ತಿಕೊಂಡಿತು. ನೀರಿರಬೇಕಾದ ಕಡೆ ಬೆಂಕಿ, ಮನೆಯಿರುವ ಕಡೆ ನೀರು! ಎತ್ತರದ ಕಟ್ಟಡವನ್ನು ನಿಲ್ಲಿಸುವ ವಿದ್ಯೆ ಆ ಊರಿನಲ್ಲಿ ಹೇರಳವಾಗಿತ್ತು. ಇಲ್ಲಿ ನೀರು ಎಲ್ಲಿ ಹರಿಯುತ್ತದೆ ಎಂದು ಹಳೆಯ ನೀರುಗಂಟಿಯನ್ನು ಕೇಳುವ ಹೃದಯವು ಇರಲಿಲ್ಲ.

ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನನ್ನೂ ಮರಳಿನ ಮೇಲೆ ಕಟ್ಟಿದ ಬುದ್ಧಿಹೀನನನ್ನೂ ಕುರಿತು ನಮ್ಮ ಕರ್ತನು ಹೇಳಿದ ಸಾಮ್ಯವು ಇಲ್ಲಿ ಯಾರ ನೆನಪಿಗೆ ಬಾರದು? ಆದರೆ ಅದನ್ನು ತಪ್ಪಾಗಿ ಪ್ರಯೋಗಿಸದಂತೆ ಎಚ್ಚರವಾಗಿರಬೇಕು. ನೀರು ನುಗ್ಗಿದ ಮನೆಯವರೆಲ್ಲರೂ ಬುದ್ಧಿಹೀನರೆಂದು ನಾವು ತೀರ್ಪು ಮಾಡಬಾರದು. ಕಾಗದಪತ್ರಗಳನ್ನು ನಂಬಿ, ಜೀವಮಾನದ ಗಳಿಕೆಯನ್ನು ಸುರಿದು, ನಿಜಸ್ಥಿತಿಯನ್ನು ಅರಿಯದೆ ಕೊಂಡವರು ಅಲ್ಲಿ ಅನೇಕರಿದ್ದರು. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದು ಕರ್ತನೇ ಬೋಧಿಸಿದ್ದಾನೆ. ಒಬ್ಬನು ಕೇಳದೆ ಕಟ್ಟಿದರೆ ಮತ್ತೊಬ್ಬನು ಮುಳುಗುತ್ತಾನೆ. ಅಜ್ಞಾನದ ಫಲವು ಅದನ್ನು ಬಿತ್ತಿದವನಿಗಿಂತ ಬಡವನ ಬಾಗಿಲಿಗೆ ಮೊದಲು ಬರುತ್ತದೆ. ಆದದರಿಂದ ಜ್ಞಾನವನ್ನು ಹುಡುಕುವದು ಒಬ್ಬೊಬ್ಬನ ಮನಸ್ಸಿನ ಸಂತೋಷಕ್ಕಾಗಿ ಮಾತ್ರವಲ್ಲ. ಅದು ನೆರೆಯವನಿಗೆ ನಾವು ತೀರಿಸಬೇಕಾದ ಸಾಲವಾಗಿದೆ.

ಹುಡುಕುವದೆಂದರೆ ಎಷ್ಟು ಪ್ರಯಾಸಪಡಬೇಕೆಂಬದಕ್ಕೆ ಇನ್ನೊಂದು ಉದಾಹರಣೆಯು ಅದೇ ದಿಕ್ಕಿನಲ್ಲಿದೆ. ವೈಟ್‌ಫೀಲ್ಡಿನ ಮಾರ್ಗವಾಗಿ ಪೂರ್ವಕ್ಕೆ ಹೋಗುವ ರೈಲು ಬಂಗಾರಪೇಟೆಯನ್ನು ಮುಟ್ಟುತ್ತದೆ. ಅದರ ಹತ್ತಿರವೇ ಕೋಲಾರದ ಚಿನ್ನದ ಗಣಿಗಳಿವೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕೆಲಸವನ್ನು ಹಿಡಿದರು. 1902ರಲ್ಲಿ ಶಿವನಸಮುದ್ರದಿಂದ ಆ ಗಣಿಗಳಿಗೆ ವಿದ್ಯುತ್ತು ಬಂದಿತು. ಕೂಲಿಗಾರರು ಭೂಮಿಯೊಳಗೆ 3 ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದು, ಬಿಸಿಯಲ್ಲಿ ಬೆಂದು, ಬಂಡೆ ಸಿಡಿಯುವ ಭಯದಲ್ಲಿ ದುಡಿದರು. 2001ನೆಯ ಇಸವಿಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಯೋಬನ ಗ್ರಂಥದ 28ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಮನುಷ್ಯರು ಕತ್ತಲೆಯೊಳಕ್ಕೆ ಬೆಳಕನ್ನು ಒಯ್ಯುವದೂ, ಜನಸಂಚಾರವಿಲ್ಲದ ಸ್ಥಳದಲ್ಲಿ ನೇತಾಡುತ್ತಾ ಬಂಡೆಯನ್ನು ಒಡೆಯುವದೂ, ಬೆಳ್ಳಿ ಬಂಗಾರಗಳನ್ನು ಹೊರಗೆ ತೆಗೆಯುವದೂ ಅಲ್ಲಿ ವರ್ಣಿತವಾಗಿವೆ. ಇಷ್ಟೆಲ್ಲಾ ಅಗೆಯುವ ಮನುಷ್ಯನಿಗೆ ಜ್ಞಾನದ ಗಣಿಯು ಎಲ್ಲಿದೆಯೆಂಬದು ಮಾತ್ರ ತಿಳಿಯಲಿಲ್ಲವೆಂಬದೇ ಆ ಅಧ್ಯಾಯದ ನಿಟ್ಟುಸಿರು. ಚಿನ್ನಕ್ಕಾಗಿ 3 ಕಿಲೋಮೀಟರು ಇಳಿಯುವದಕ್ಕೆ ಜನರು ಸಿಕ್ಕಿದರು. ಜ್ಞಾನಕ್ಕಾಗಿ ಮೂರು ಮೊಳ ಅಗೆಯುವದಕ್ಕೆ ನಮಗೆ ಬೇಸರವಾಗುತ್ತದೆ. ಆ ಅಧ್ಯಾಯದ ಕಡೆಯಲ್ಲಿ ಉತ್ತರವೂ ಇದೆ. ದೇವರಲ್ಲಿ ಭಯಭಕ್ತಿಯೇ ಜ್ಞಾನ, ದುಷ್ಟತನವನ್ನು ಬಿಡುವದೇ ವಿವೇಕ ಎಂಬದು ಅದರ ತಾತ್ಪರ್ಯ.

ಮೊದಲನೆಯದಾಗಿ, ಬೇಡುವದು. ಜ್ಞಾನದಲ್ಲಿ ಕೊರತೆಯುಳ್ಳವನು ದೇವರನ್ನು ಬೇಡಿಕೊಳ್ಳಲಿ, ಆತನು ಹಂಗಿಸದೆ ಉದಾರವಾಗಿ ಕೊಡುವನು ಎಂಬರ್ಥದ ಮಾತನ್ನು ಯಾಕೋಬನು ತನ್ನ ಪತ್ರಿಕೆಯ ಮೊದಲಿನಲ್ಲಿಯೇ ಬರೆದಿದ್ದಾನೆ. ಹಂಗಿಸದೆ ಕೊಡುವನೆಂಬದು ಬಹು ಬೆಲೆಯುಳ್ಳ ವಾಗ್ದಾನ. ಯಾಕಂದರೆ ಬಡವರಾದ ಹಳ್ಳಿಯವರು ತಿಳಿಯದ್ದನ್ನು ಕೇಳದೆ ಇರುವದಕ್ಕೆ ಮುಖ್ಯ ಕಾರಣವು ಸೋಮಾರಿತನವಲ್ಲ, ಅವಮಾನದ ಭಯ. ಕಚೇರಿಯ ಮೇಜಿನ ಮುಂದೆ ನಿಂತಾಗಲೂ ವೈದ್ಯರ ಮುಂದೆ ಕುಳಿತಾಗಲೂ, ಇಷ್ಟೂ ಗೊತ್ತಿಲ್ಲವೇ ಎಂಬ ಒಂದು ನಗುವಿಗೆ ಹೆದರಿ, ತಿಳಿಯದಿದ್ದರೂ ತಿಳಿಯಿತೆಂದು ತಲೆಯಾಡಿಸಿ ಬರುವವರು ಎಷ್ಟೋ ಮಂದಿ. ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿತ್ತೆಂದು ಹೊಲವು ಕೈಬಿಟ್ಟ ಮೇಲೆ ತಿಳಿದವರೂ ಉಂಟು. ತಲೆತಲಾಂತರಗಳಿಂದ ಪ್ರಶ್ನೆ ಮಾಡುವದಕ್ಕೆ ಅಪ್ಪಣೆಯಿಲ್ಲದೆ ಬಾಗಿಲ ಹೊರಗೆ ನಿಂತವರ ಮಕ್ಕಳು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಅಂಥವರಿಗೆ, ಸಿಂಹಾಸನದ ಮೇಲೆ ಕುಳಿತಿರುವಾತನೇ ಕೇಳು ಎನ್ನುತ್ತಾನೆಂಬದು ಸಾಮಾನ್ಯವಾದ ಸುವಾರ್ತೆಯೇ? ದೇವರ ಮುಂದೆ ತನ್ನ ಕೊರತೆಯನ್ನು ನಾಚದೆ ಒಪ್ಪಿಕೊಳ್ಳಲು ಕಲಿತವನು ಮನುಷ್ಯರ ಮುಂದೆಯೂ ಸ್ಪಷ್ಟವಾಗಿ ಕೇಳಲು ಧೈರ್ಯ ಹೊಂದುವನು.

ಕೇಳುವದು ಅಪನಂಬಿಕೆಯೆಂದು ಕೆಲವರು ನೆನಸುತ್ತಾರೆ. ಇದು ಸರಿಯಲ್ಲ. ಪೌಲನು ಬೆರೋಯದಲ್ಲಿ ಸಾರಿದಾಗ ಅಲ್ಲಿಯವರು ವಾಕ್ಯವನ್ನು ಆಸಕ್ತಿಯಿಂದ ಅಂಗೀಕರಿಸಿದರು. ಅದರ ಜೊತೆಗೆ ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರವನ್ನು ಶೋಧಿಸಿ ನೋಡಿದರು. ಅಪೊಸ್ತಲನ ಮಾತನ್ನು ಪರೀಕ್ಷಿಸಿದರೆಂದು ಅವರನ್ನು ಯಾರೂ ಗದರಿಸಲಿಲ್ಲ. ಅವರು ಘನವಂತರೆಂದೇ ಅಪೊಸ್ತಲರ ಕೃತ್ಯಗಳ ಗ್ರಂಥದಲ್ಲಿ ಬರೆದದೆ. ಹಾಗಾದರೆ ರೋಗಿಯು ಔಷಧವನ್ನು ಬಿಟ್ಟುಬಿಡಲೆಂದು ಗಟ್ಟಿಯಾದ ಸ್ವರದಲ್ಲಿ ಆಜ್ಞಾಪಿಸುವವನನ್ನೂ, ಇಷ್ಟು ಹಣ ಕೊಟ್ಟರೆ ಇಷ್ಟು ಆಶೀರ್ವಾದವೆಂದು ಲೆಕ್ಕ ಹೇಳುವವನನ್ನೂ ನಾವು ಪರೀಕ್ಷಿಸಬಾರದೋ? ಕ್ರಿಸ್ತನ ಹೆಸರನ್ನು ಹೇಳುವ ಬಾಯಿಂದ ಬಂದ ಮಾತೆಲ್ಲವೂ ಕ್ರಿಸ್ತನ ಮಾತಲ್ಲ. ನಿಜವಾದ ನಂಬಿಕೆಯು ಪ್ರಶ್ನೆಗೆ ಹೆದರದು.

ಎರಡನೆಯದಾಗಿ, ಕಿವಿಗೊಡುವದು. ಇದಕ್ಕೆ ಮೊದಲನೆಯ ಸ್ಥಳವು ಸತ್ಯವೇದವೇ. ಅದು ನಮ್ಮ ಕೈಗೆ ಬಂದ ರೀತಿಯನ್ನು ನೆನಸಿಕೊಳ್ಳುವದು ಒಳ್ಳೇದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ಅವರ ಜೊತೆಯವರಾದ ವಿಲಿಯಂ ರೀವರೂ ಪ್ರಯಾಸಪಟ್ಟು ಮಾಡಿದ ಕನ್ನಡ ಸತ್ಯವೇದವು 1831ರಲ್ಲಿ ಸಂಪೂರ್ಣವಾಯಿತು. ಬಂದ ದಿವಸದಿಂದ ಲೆಕ್ಕಹಾಕಿದರೆ ಇಪ್ಪತ್ತೊಂದು ವರುಷಗಳು. ಬೋಧಿಸಬೇಕೆಂದು ಬಂದವರು ಮೊದಲು ಕನ್ನಡಿಗರ ಬಳಿಯಲ್ಲಿ ಶಿಷ್ಯರಾಗಿ ಕುಳಿತು, ಒಂದೊಂದು ಶಬ್ದವನ್ನೂ ಕೇಳಿ ಕೇಳಿ ಕಲಿಯಬೇಕಾಯಿತು. ಹೀಗೆ ಕೇಳುವದರಿಂದಲೇ ಹುಟ್ಟಿದ ಗ್ರಂಥವನ್ನು ನಾವು ಕಪಾಟಿನಲ್ಲಿಟ್ಟು ಧೂಳು ಹಿಡಿಸಿದರೆ ಅದು ನ್ಯಾಯವೋ? ಬಾಯಿಪಾಠ ಮಾಡಿದ ವಾಕ್ಯಗಳು ಒಳ್ಳೆಯ ಬೀಜಗಳೇ; ಆದರೆ ಬೀಜವನ್ನು ಕಣಜದಲ್ಲಿಯೇ ಇಟ್ಟುಕೊಂಡು ಬೆಳೆಯನ್ನು ನಿರೀಕ್ಷಿಸಲಾಗದು.

ಸತ್ಯವೇದದ ಹೊರಗಿನ ಜ್ಞಾನಕ್ಕೆ ಕ್ರೈಸ್ತನು ಕಿವಿಗೊಡಬಹುದೋ ಎಂಬ ಕಠಿಣವಾದ ಪ್ರಶ್ನೆಯು ಇಲ್ಲಿ ಏಳುತ್ತದೆ. ಲೋಕದ ಜ್ಞಾನವು ದೇವರ ಮುಂದೆ ಹುಚ್ಚುತನವೆಂದು ಪೌಲನು ಕೊರಿಂಥದವರಿಗೆ ಬರೆಯಲಿಲ್ಲವೇ? ಬರೆದನು. ಆದರೆ ಅವನು ಖಂಡಿಸಿದ್ದು ದೇವರ ಹಂಗಿಲ್ಲದೆ ನಾವೇ ಎಲ್ಲಾ ಬಲ್ಲೆವೆಂಬ ಹೆಮ್ಮೆಯನ್ನು. ದೇವರು ಎಲ್ಲಾ ಜನಾಂಗಗಳ ನಡುವೆ ಬಿತ್ತಿರುವ ವಿವೇಕವನ್ನಲ್ಲ. ಶಾಸ್ತ್ರದೊಳಗೇ ಇದಕ್ಕೆ ಸಾಕ್ಷಿಗಳಿವೆ. ಮೋಶೆಯು ಬೆಳಿಗ್ಗೆಯಿಂದ ಸಾಯಂಕಾಲದ ವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿರುವಾಗ, ಹೀಗೆ ಮಾಡಿದರೆ ನೀನೂ ದಣಿಯುವಿ ಜನರೂ ದಣಿಯುವರು, ನಂಬಿಗಸ್ತರನ್ನು ಆರಿಸಿ ಕೆಲಸವನ್ನು ಹಂಚಿಕೊಡು ಎಂದು ಬುದ್ಧಿ ಹೇಳಿದವನು ಅವನ ಮಾವನಾದ ಇತ್ರೋ. ಅವನು ಮಿದ್ಯಾನಿನ ಯಾಜಕನು, ಇಸ್ರಾಯೇಲ್ಯನಲ್ಲ. ದೇವರೊಡನೆ ಮಾತಾಡುತ್ತಿದ್ದ ಮೋಶೆಯು ಮಾವನ ಮಾತನ್ನೂ ಕೇಳಿದನು.

ಇದಲ್ಲದೆ, ಜ್ಞಾನೋಕ್ತಿಗಳ ಗ್ರಂಥದ 22ನೆಯ ಅಧ್ಯಾಯದ ನಡುವಿನಿಂದ ಜ್ಞಾನಿಗಳ ಮಾತುಗಳೆಂಬ ಒಂದು ಭಾಗವಿದೆ. 1924ರಲ್ಲಿ ಅಡಾಲ್ಫ್ ಎರ್ಮಾನ್ ಎಂಬ ಜರ್ಮನ್ ಪಂಡಿತರು ಈ ಭಾಗವನ್ನು ಐಗುಪ್ತದ ಅಮೆನೆಮೋಪೆ ಎಂಬವನ ಉಪದೇಶ ಗ್ರಂಥದೊಡನೆ ಹೋಲಿಸಿ, ಎರಡಕ್ಕೂ ಇರುವ ಹತ್ತಿರದ ಸಂಬಂಧವನ್ನು ತೋರಿಸಿದರು. ಪಂಡಿತರಲ್ಲಿ ಬಹುಮಂದಿ ಇದನ್ನು ಒಪ್ಪುತ್ತಾರೆ. ಮೂವತ್ತು ಅಧ್ಯಾಯಗಳ ಆ ಐಗುಪ್ತದ ಗ್ರಂಥವು ಬಡವನನ್ನು ಸುಲಿಯಬೇಡವೆಂದೂ, ವಿಧವೆಯ ಹೊಲದ ಮೇರೆಯನ್ನು ಒತ್ತಬೇಡವೆಂದೂ ಎಚ್ಚರಿಸುತ್ತದೆ. ಅದೇ ಎಚ್ಚರಿಕೆಯನ್ನು ನಮ್ಮ ಶಾಸ್ತ್ರವೂ ಕೊಡುತ್ತದೆ. ಇಸ್ರಾಯೇಲ್ಯರನ್ನು ದಾಸತ್ವದಲ್ಲಿಟ್ಟಿದ್ದ ದೇಶದ ಜ್ಞಾನಿಯೊಬ್ಬನ ಒಳ್ಳೆಯ ಮಾತಿಗೂ ದೇವರ ವಾಕ್ಯದಲ್ಲಿ ಸ್ಥಳವು ದೊರೆಯಿತು. ಅದನ್ನು ತಿಳಿದು ಗಾಬರಿಪಡುವದೇಕೆ? ಮೇರೆಕಲ್ಲನ್ನು ಸರಿಸಬಾರದೆಂಬ ಸತ್ಯವು ನೈಲ್ ನದಿಯ ದಡದಲ್ಲಿಯೂ ಸತ್ಯ, ನಮ್ಮ ಹೊಲದ ಬದುವಿನಲ್ಲಿಯೂ ಸತ್ಯ. ಸತ್ಯವೆಲ್ಲವೂ ಒಬ್ಬನೇ ದೇವರದು.

ನಮ್ಮ ನಾಡಿನಲ್ಲಿ ಈ ಮಾರ್ಗವನ್ನು ನಡೆದು ತೋರಿಸಿದವರಲ್ಲಿ ಉತ್ತಂಗಿ ಚೆನ್ನಪ್ಪನವರು ಮುಖ್ಯರು. ಅವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಬೋಧಕರಾಗಿದ್ದವರು. ಸರ್ವಜ್ಞನ ತ್ರಿಪದಿಗಳು ಆಗ ಜನರ ನಾಲಿಗೆಯ ಮೇಲೂ ಹಳೆಯ ಪ್ರತಿಗಳಲ್ಲಿಯೂ ಚದರಿ ಹೋಗಿದ್ದವು. ಚೆನ್ನಪ್ಪನವರು ಅನೇಕ ವರುಷಗಳ ಕಾಲ ಅವುಗಳನ್ನು ಹುಡುಕಿ, ಕೂಡಿಸಿ, ಸೋಸಿ, ಸುಮಾರು ಎರಡು ಸಾವಿರ ತ್ರಿಪದಿಗಳ ಗ್ರಂಥವನ್ನು 1924ರಲ್ಲಿ ಪ್ರಕಟಿಸಿದರು. ಉಪದೇಶ ಹೇಳುವ ಅಧಿಕಾರವುಳ್ಳ ಒಬ್ಬ ಬೋಧಕನು ಹಳ್ಳಿಯ ಒಕ್ಕಲಿಗನ ಮುಂದೆ ಕುಳಿತು, ನಿನಗೆ ಬರುವದನ್ನು ಹೇಳಪ್ಪಾ ಎಂದು ಕೇಳುವದಕ್ಕೆ ಎಂಥ ತಗ್ಗಿದ ಮನಸ್ಸು ಬೇಕೆಂದು ಯೋಚಿಸಿರಿ. ಇದರಿಂದ ಅವರು ಕ್ರಿಸ್ತನಿಂದ ದೂರವಾಗಲಿಲ್ಲ. ನಾಡಿನವರೂ ಅವರನ್ನು ಪರಕೀಯರೆಂದು ಎಣಿಸಲಿಲ್ಲ. 1949ರಲ್ಲಿ ಕಲಬುರ್ಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕನ್ನಡಿಗರು ಕೂರಿಸಿದ್ದು ಈ ಬೋಧಕರನ್ನೇ.

ಹಾಗಾದ ಪಕ್ಷದಲ್ಲಿ ಎಲ್ಲಾ ಜ್ಞಾನವೂ ಒಂದೇಯೋ, ಕ್ರಿಸ್ತನ ಬೋಧನೆಯಲ್ಲಿ ವಿಶೇಷವೇನು ಎಂದು ಕೇಳಿದರೆ, ವಿಶೇಷವುಂಟು. ಲೋಕದ ಜಾಣತನವು ನಿನ್ನ ಪಾಲನ್ನು ಬಿಡಬೇಡವೆನ್ನುತ್ತದೆ. ಮಾರತ್ತಹಳ್ಳಿಯಂಥ ಸ್ಥಳಗಳಲ್ಲಿ ಭೂಮಿಯ ಬೆಲೆಯು ಏರಿದಂತೆಲ್ಲಾ, ಒಂದೇ ತಾಯಿಯ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುವದನ್ನು ಕಾಣುತ್ತೇವೆ. ಈ ವ್ಯಾಜ್ಯವು ಹೊಸದಲ್ಲ. ಆಸ್ತಿಯನ್ನು ಪಾಲು ಮಾಡಿಕೊಡುವಂತೆ ತನ್ನ ಅಣ್ಣನಿಗೆ ಹೇಳಬೇಕೆಂದು ಒಬ್ಬನು ಯೇಸುಸ್ವಾಮಿಯನ್ನು ಕೇಳಿದನೆಂದು ಲೂಕನು ಬರೆದಿದ್ದಾನೆ. ಆತನು ಪಾಲು ಮಾಡಿಕೊಡಲಿಲ್ಲ. ಲೋಭದ ವಿಷಯದಲ್ಲಿ ಎಚ್ಚರಿಸಿ, ಕಣಜಗಳನ್ನು ಕೆಡವಿ ಇನ್ನೂ ದೊಡ್ಡದಾಗಿ ಕಟ್ಟಿಸಬೇಕೆಂದಿದ್ದ ರಾತ್ರಿಯೇ ಸತ್ತ ಐಶ್ವರ್ಯವಂತನ ಸಾಮ್ಯವನ್ನು ಹೇಳಿದನು. ಆ ಐಶ್ವರ್ಯವಂತನು ಲೋಕದ ದೃಷ್ಟಿಯಲ್ಲಿ ಮಹಾ ಬುದ್ಧಿವಂತನು. ದೇವರಾದರೋ ಅವನನ್ನು ಬುದ್ಧಿಹೀನನೆಂದು ಕರೆದನು. ಶಿಷ್ಯರ ಕಾಲುಗಳನ್ನು ತೊಳೆದು, ವೈರಿಗಳಿಗಾಗಿ ಪ್ರಾರ್ಥಿಸಿ, ಪ್ರಾಣವನ್ನೇ ಕೊಟ್ಟಾತನನ್ನು ಪೌಲನು ದೇವರ ಜ್ಞಾನವೆಂದು ಹೆಸರಿಸುತ್ತಾನೆ. ಆದಕಾರಣ ನಾವು ಯಾರಿಂದ ಕೇಳಿದ ಮಾತನ್ನಾದರೂ ಶಿಲುಬೆಯೆಂಬ ಈ ಒರೆಗಲ್ಲಿಗೆ ಹಚ್ಚಬೇಕು. ಪರಿಶುದ್ಧತೆ, ಸಮಾಧಾನ, ಕರುಣೆ, ಪಕ್ಷಪಾತವಿಲ್ಲದಿರುವದು ಇವು ಮೇಲಣಿಂದ ಬರುವ ಜ್ಞಾನದ ಗುರುತುಗಳೆಂದು ಯಾಕೋಬನೂ ಕಲಿಸುತ್ತಾನೆ.

ಮೂರನೆಯದಾಗಿ, ಕೇಳಿದಂತೆ ನಡೆಯುವದು. ಸಾಮ್ಯದ ಇಬ್ಬರು ಮನುಷ್ಯರನ್ನು ಪುನಃ ನೋಡಿರಿ. ಕರ್ತನ ಮಾತುಗಳನ್ನು ಇಬ್ಬರೂ ಕೇಳಿದರು. ಇಬ್ಬರೂ ಮನೆ ಕಟ್ಟಿದರು. ಮಳೆಯೂ ಪ್ರವಾಹವೂ ಇಬ್ಬರ ಮೇಲೆಯೂ ಬಂದವು. ಕೇಳಿದ್ದನ್ನು ಒಬ್ಬನು ಮಾಡಿದನು, ಮತ್ತೊಬ್ಬನು ಮಾಡಲಿಲ್ಲ, ಇಷ್ಟೇ ಭೇದ. ಬಿಸಿಲು ಕಾಲದಲ್ಲಿ ಎರಡು ಮನೆಗಳೂ ಒಂದೇ ರೀತಿಯಾಗಿ ಕಾಣುವವು. ಭಾನುವಾರದ ಆರಾಧನೆಯಲ್ಲಿಯೂ ನಾವೆಲ್ಲರೂ ಒಂದೇ ರೀತಿಯಾಗಿ ಕಾಣುತ್ತೇವೆ.

ಇದರಲ್ಲಿ ಭಯಪಡಬೇಕಾದ ಎಚ್ಚರಿಕೆಯು ಸೊಲೊಮೋನನ ಜೀವಿತದಲ್ಲಿಯೇ ಇದೆ. ಅಷ್ಟು ಚೆನ್ನಾಗಿ ಬೇಡಿದವನು, ಶೆಬದ ರಾಣಿಯೂ ಬೆರಗಾಗುವಷ್ಟು ಹೊಂದಿದವನು, ಮುಪ್ಪಿನಲ್ಲಿ ಏನಾದನು? ಅವನ ಮನಸ್ಸು ಅನ್ಯದೇವರುಗಳ ಕಡೆಗೆ ತಿರುಗಿತು; ಅವನ ಕಟ್ಟಡಗಳಿಗಾಗಿ ಜನರು ಬಿಟ್ಟಿಯ ನೊಗವನ್ನು ಹೊತ್ತು ನರಳಿದರು. ಅವನ ಮಗನಾದ ರೆಹಬ್ಬಾಮನ ಬಳಿಗೆ ಜನರು ಬಂದು ನೊಗವನ್ನು ಹಗುರಮಾಡೆಂದು ಕೇಳಿಕೊಂಡಾಗ, ಹಿರಿಯರು ಒಳ್ಳೆಯ ಆಲೋಚನೆಯನ್ನು ಹೇಳಿದರು. ಅವನು ಅದನ್ನು ತಳ್ಳಿಬಿಟ್ಟು, ತನ್ನೊಡನೆ ಬೆಳೆದ ಗೆಳೆಯರ ಮಾತಿನಂತೆ ಗರ್ವದಿಂದ ಉತ್ತರ ಕೊಟ್ಟನು. ಹತ್ತು ಕುಲಗಳು ಒಡೆದು ಹೋದವು. ಜ್ಞಾನವು ತಂದೆಯಿಂದ ಮಗನಿಗೆ ಹೊಲದಂತೆ ಬರುವ ಆಸ್ತಿಯಲ್ಲ. ಅದು ಅರಣ್ಯದಲ್ಲಿ ಸುರಿದ ಮನ್ನದಂತೆ ದಿನದಿನವೂ ಕೂಡಿಸಿಕೊಳ್ಳಬೇಕಾದದ್ದು. ನಿನ್ನಿನದನ್ನು ಇಟ್ಟುಕೊಂಡರೆ ಹುಳ ಬೀಳುತ್ತದೆ. ನಾವು ಮೂರು ತಲೆಮಾರುಗಳಿಂದ ಕ್ರೈಸ್ತರೆಂದು ಹೇಳಿಕೊಳ್ಳುವವರು ಇದನ್ನು ನೆನಪಿನಲ್ಲಿಡಲಿ.

ಪ್ರಿಯ ವಾಚಕರೇ, ಈ ಉಪದೇಶವನ್ನು ಮನೆಗೆ ಒಯ್ಯುವದು ಹೇಗೆ? ಜ್ಞಾನೋಕ್ತಿಗಳ ಗ್ರಂಥದಲ್ಲಿ 31 ಅಧ್ಯಾಯಗಳಿವೆ. ತಿಂಗಳ ತಾರೀಖಿಗೆ ಸರಿಯಾಗಿ ದಿನಕ್ಕೊಂದನ್ನು ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಓದಿರಿ. ಓದು ಬಾರದವರಿಗೆ ಮಕ್ಕಳು ಓದಿ ಹೇಳಲಿ. ಆ ಗ್ರಂಥದ ಕಡೆಯ ಅಧ್ಯಾಯವು ಅರಸನಾದ ಲೆಮೂವೇಲನಿಗೆ ಅವನ ತಾಯಿಯು ಕಲಿಸಿದ ಬುದ್ಧಿವಾದವೆಂಬದನ್ನು ಮರೆಯದೆ, ಸಭೆಯ ಆಲೋಚನೆಗಳಲ್ಲಿ ಸ್ತ್ರೀಯರ ಮಾತಿಗೂ ಬಡವರ ಮಾತಿಗೂ ಸ್ಥಳ ಕೊಡಿರಿ. ಹೊಲವನ್ನು ಮಾರುವ ಮೊದಲು, ಸಾಲದ ಕಾಗದಕ್ಕೆ ಕೈಹಾಕುವ ಮೊದಲು, ಮಗಳ ಮದುವೆಯನ್ನು ಗೊತ್ತುಮಾಡುವ ಮೊದಲು, ಮೂರು ಸಾರಿ ಕೇಳಿರಿ. ದೇವರನ್ನು ಪ್ರಾರ್ಥನೆಯಲ್ಲಿ ಕೇಳಿರಿ. ಆ ವಿಷಯವನ್ನು ಬಲ್ಲ ನಂಬಿಗಸ್ತನನ್ನು ನಾಚದೆ ಕೇಳಿರಿ. ಇದರಿಂದ ನೆರೆಯವನಿಗೆ ಕೇಡುಂಟೋ ಎಂದು ನಿಮ್ಮ ಮನಸ್ಸಾಕ್ಷಿಯನ್ನು ಕೇಳಿರಿ. ನಗರಕ್ಕೆ ಹೋಗಿರುವ ನಿಮ್ಮ ಮಕ್ಕಳು ಹಬ್ಬಕ್ಕೆ ಬಂದಾಗ, ಅವರು ಕಲಿತದ್ದನ್ನು ನೀವು ಕೇಳಿರಿ. ನೀವು ಮಳೆ ಬಿಸಿಲುಗಳಲ್ಲಿ ಕಲಿತದ್ದನ್ನು ಅವರೂ ಕೇಳಲಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಅವರು ಗುರಿಯಾಗದಿರಲಿ.

ಒಂದು ವಾರದಲ್ಲಿ ಕೇಳಿದ ಉಪದೇಶಗಳಲ್ಲಿ ಒಂದನ್ನಾದರೂ ಶನಿವಾರದೊಳಗೆ ಮಾಡಿ ಮುಗಿಸಬೇಕೆಂದು ನಿಶ್ಚಯಿಸಿಕೊಳ್ಳಿರಿ. ಮಾತು ಬಿಟ್ಟ ಅಣ್ಣನ ಮನೆಗೆ ಹೋಗುವದಾಗಲಿ, ಒತ್ತಿದ ಬದುವನ್ನು ಹಿಂದಕ್ಕೆ ಬಿಡುವದಾಗಲಿ, ಕೂಲಿಯವನಿಗೆ ಉಳಿದಿರುವ ಹಣವನ್ನು ಕೊಡುವದಾಗಲಿ, ಒಂದೇ ಸಾಕು. ಲೂಕನು ಬರೆದಂತೆ, ಬುದ್ಧಿವಂತನು ಆಳವಾಗಿ ಅಗೆದು ಬಂಡೆಯನ್ನು ಮುಟ್ಟಿದನು. ಒಂದೇ ಪೆಟ್ಟಿಗೆ ಮುಟ್ಟಿದನೆಂದು ಬರೆದಿಲ್ಲ. ಗುದ್ದಲಿಯು ನಮ್ಮ ಕೈಯಲ್ಲಿದೆ. ಮಳೆಗಾಲಕ್ಕೆ ಇನ್ನೂ ಸಮಯವಿರುವಾಗಲೇ ಅಗೆಯಲಾರಂಭಿಸೋಣ. ಕೇಳುವವರಿಗೆ ಹಂಗಿಸದೆ ಕೊಡುವ ದೇವರು ನಮ್ಮೆಲ್ಲರಿಗೂ ಕೇಳುವ ಹೃದಯವನ್ನು ದಯಪಾಲಿಸಲಿ.